ನಮ್ಮತ್ತೆ ಕಾಣದ ಕೊನೇ ಅಂಕ

ಜಗತ್ತಿನಲ್ಲಿ ಇದುವರೆಗೆ ಒಬ್ಬ ರಾಜನೂ ಸತ್ತಿಲ್ಲ, ಒಬ್ಬ ರಾಣಿಯೂ ಮುಂಡೆಯಾಗಿಲ್ಲ, ಯಾವ ಪ್ರೇಮಿಗಳೂ ಅಗಲಿಲ್ಲ! ಇದು ನನ್ನ ಮಾತಲ್ಲ, ನಮ್ಮ ಸೋದರತ್ತೆಯ ಅಚಲವಾದ ನಂಬಿಕೆ. ಈ ನಂಬಿಕೆಗೆ ಕಾರಣವೂ ಬಹಳ ಸರಳ. ಅವರು ಹುಟ್ಟಿದಾರಭ್ಯ ಒಂದು ಕಥೆಯನ್ನೂ ಕೊನೆಯವರೆಗೆ ಕೂತು ನೋಡಿದವರಲ್ಲ. ಯಾವ ಕಥೆಯಲ್ಲಾದರೂ ಎಲ್ಲರೂ ಚೆನ್ನಾಗಿರುವ ಒಂದು ಗಳಿಗೆ ಬರುತ್ತದಲ್ಲ, ಮದುವೆಯೋ, ನಾಮಕರಣವೋ, ಅಣ್ಣತಮ್ಮಂದಿರು ತಬ್ಬಿಕೊಳ್ಳುವುದೋ, ಆ ಗಳಿಗೆ ಬಂತೆಂದರೆ ಅತ್ತೆ ಸೆರಗು ಕೊಡವಿ ಎದ್ದುಬಿಡುತ್ತಾರೆ. "ಆಯ್ತು, ಎಲ್ರೂ ಚೆನ್ನಾಗವ್ರೆ. ನಡಿ ಓಗಣ." ಅವರ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು. ಆಮೇಲೆ ಏನಾಯಿತು ಎಂದು ಕೇಳುವ ಕುತೂಹಲವೇ ಅವರಿಗಿಲ್ಲ. ಅಯ್ಯೋ, ಇಂಥವರೂ ಇರುತ್ತಾರೆಯೇ ಎನ್ನಬೇಡಿ. ಇದ್ದಾರೆ, ದೊಡ್ಡಬಳ್ಳಾಪುರದಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ.

ಟೀವಿ ಧಾರಾವಾಹಿಗಳ ವಿಷಯವನ್ನೇ ತೆಗೆದುಕೊಳ್ಳಿ. ಸೊಸೆ ಬಸುರಿ ಎಂದು ಗೊತ್ತಾಗಿ ಅತ್ತೆಮಾವ ಸಿಹಿ ಹಂಚಿದ ದಿನ ನಮ್ಮತ್ತೆ ಆ ಧಾರಾವಾಹಿಗೆ ಮಂಗಳ ಹಾಡಿ ಬೇರೆ ಚಾನೆಲ್ಲು ಹಿಡಿಯುತ್ತಾರೆ. ಒಮ್ಮೆ ಪಕ್ಕದ ಮನೆಯಾಕೆ ಕಣ್ಣು ಒರೆಸಿಕೊಳ್ಳುತ್ತಾ ಬಂದು, "ಅಮ್ಮಾ, ಆ ಹುಡುಗಿ ನಿನ್ನೆ ಸತ್ತೋದ್ಲು ಕಣಮ್ಮ" ಎಂದರು. ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ. "ನಿಮ್ಮನೆ ಟೀವೀಲಿ ಸತ್ತಿರ್ಬೋದು. ನಮ್ಮನೆ ಟೀವೀಲಿ ಚೆನ್ನಾಗವ್ಳೆ" ಎಂದರು!

ಸಿನಿಮಾಕ್ಕೆ ಹೋದರೂ ಅಷ್ಟೇ. ಇಂಟರ್ವಲ್ಲಿನ ನಂತರ ಅಳು ಜಾಸ್ತಿ ಎಂಬುದು ಅವರ ಲೆಕ್ಕಾಚಾರ. ನಾನು ಚಿಕ್ಕವಳಿದ್ದಾಗ ನಮ್ಮೂರ ಟಾಕೀಸಿನ ಗೇಟು ಕಾಯುವವನಿಗೆ ಇವರ ಸಂಗತಿ ಗೊತ್ತಾಗಿ, ಇಂಟರ್ವಲ್ಲಿನಲ್ಲಿ ಎದ್ದು ಬಂದ ಅತ್ತೆಯ ಕೈಯಿಂದ ಟಿಕೆಟ್ಟು ಇಸಕೊಂಡು ಅದರಲ್ಲಿ ತನ್ನ ಭಾಮೈದನನ್ನು ಒಳಕ್ಕೆ ಬಿಡುತ್ತಿದ್ದ. ಒಂದೇ ಟಿಕೆಟ್ಟಿನಲ್ಲಿ ಮೊದಲರ್ಧ ಅತ್ತೆಗೆ, ಉಳಿದರ್ಧ ಭಾಮೈದನಿಗೆ. ಪಾಪ, ಆ ಭಾಮೈದನಿಗೆ ಯಾವ ಸಿನಿಮಾದಲ್ಲೂ ಯಾರು ಯಾಕೆ ಅಳುತ್ತಿದ್ದಾರೆ ಎಂದು ಇವತ್ತಿಗೂ ಗೊತ್ತಿಲ್ಲವಂತೆ.

ಹರಿಕಥೆಯವರನ್ನಾದರೂ ಬಿಟ್ಟರೇ? ದಾಸರು ಪಟ್ಟಾಭಿಷೇಕದ ಸಿದ್ಧತೆಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಿದ್ದರು. ತಳಿರು ತೋರಣ, ಓಲಗ, ಊರೆಲ್ಲ ಸಂಭ್ರಮ. ಅತ್ತೆ ಎದ್ದು ನಿಂತು ಕೈಮುಗಿದರು. "ಸ್ವಾಮೀ, ಇಲ್ಲಿಗೇ ಮಂಗಳಾರತಿ ಮಾಡ್ಬುಡಿ. ನಾಳೆ ಬೆಳಿಗ್ಗೆ ಏನಾಯ್ತದೆ ಅಂತ ನಮಗೂ ಗೊತ್ತು, ನಿಮಗೂ ಗೊತ್ತು. ಇವತ್ತು ಒಂದಿನ ಆದ್ರೂ ಆ ಮನೆಯೋರು ನೆಮ್ಮದಿಯಾಗಿರ್ಲಿ!" ದಾಸರ ಕೈಯಲ್ಲಿ ಚಿಟಿಕೆ ಹಾಗೇ ನಿಂತಿತು. ಸುತ್ತ ಕೂತವರೆಲ್ಲ ಹೌದೌದು ಎಂದು ತಲೆಯಾಡಿಸಿದರಂತೆ ಬೇರೆ.

ಈ ಖಯಾಲಿ ಸುಮ್ಮನೆ ಬಂದದ್ದಲ್ಲ. ಅದಕ್ಕೆ ಕಾರಣ ನಮ್ಮ ಮಾವ, ಅಂದರೆ ಅತ್ತೆಯ ಗಂಡ.

ಮಾವನದು ರಾಜಘಟ್ಟದ ಕಡೆ ಬೇಸಾಯದ ಮನೆ. ಆಮೇಲೆ ದೊಡ್ಡಬಳ್ಳಾಪುರಕ್ಕೆ ಬಂದು ನಾಲ್ಕಾರು ಪವರ್‌ಲೂಮು ಹಾಕಿಕೊಂಡು ಸೀರೆ ನೇಯಿಸಿದರು. ಆದರೆ ಅವರು ನಿಜವಾಗಿ ರಾಜ! ನಗಬೇಡಿ. ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಊರೂರಲ್ಲಿ ನಾಟಕ ಆಡುವ ರೂಢಿ. ಹಾರ್ಮೋನಿಯಂ ಮೇಷ್ಟ್ರೊಬ್ಬರನ್ನು ಕರೆಸಿ, ತಿಂಗಳುಗಟ್ಟಲೆ ಹಾಡು ಕಲಿತು, ಬಾಡಿಗೆ ಕಿರೀಟ ಇಟ್ಟುಕೊಂಡು ಉಳುವವರು, ನೇಯುವವರು, ಶಾನುಭೋಗರು ಎಲ್ಲರೂ ಒಂದು ದಿನದ ಮಟ್ಟಿಗೆ ಅರಮನೆ ಸೇರುತ್ತಿದ್ದರು. ಹಾಗೆ ನಮ್ಮ ಕಡೆ ಹುಚ್ಚು ಹಿಡಿಸಿದ ಒಂದು ಸಂಗೀತ ನಾಟಕವಿತ್ತು. ಅದರ ಹೆಸರನ್ನು ಪೂರ್ತಿ ಹೇಳಿದರೆ ಅರ್ಧ ಪುಟ ಬೇಕು. ಹಳೇ ನಾಟಕಗಳಿಗೆ ಒಂದು ಹೆಸರು ಸಾಲದೆ 'ಅರ್ಥಾತ್' ಎಂದು ಇನ್ನೊಂದು ಹೆಸರು ಬೇರೆ ಇರುತ್ತದಲ್ಲ! ನಾವೆಲ್ಲ ಅದನ್ನು ರಾಜನ ನಾಟಕ ಎಂದೇ ಕರೆಯುವುದು. ಆ ರಾಜನೇ ನಮ್ಮ ಮಾವ. ಕೊನೆಯ ಅಂಕದಲ್ಲಿ ರಾಜ ಯುದ್ಧದಲ್ಲಿ ಗಾಯಗೊಂಡು ಬಂದು, ರಾಣಿಯ ಮುಂದೆ ಒಂದು ಹಾಡು ಹಾಡಿ ಪ್ರಾಣ ಬಿಡುತ್ತಾನೆ. ಆ ಹಾಡನ್ನು ಮಾವ ಹಾಡಿದರೆ ಬಸವಣ್ಣನ ಗುಡಿ ಮುಂದಿನ ಕಲ್ಲು ಬಸವನೂ ಅಳುತ್ತಿತ್ತು ಎಂದು ಹಳಬರು ಹೇಳುತ್ತಾರೆ.

ಮದುವೆಯಾದ ಹೊಸತರಲ್ಲಿ ಅತ್ತೆಯನ್ನು ನಾಟಕಕ್ಕೆ ಕರೆದುಕೊಂಡು ಹೋದರು. ಆಗಿನ್ನೂ ಚಿಕ್ಕ ಹುಡುಗಿ, ನಾಟಕ ಗೀಟಕ ಕಂಡವರಲ್ಲ. ಹೊಸ ಗಂಡ ಕಿರೀಟ ಇಟ್ಟುಕೊಂಡು ಬಂದಾಗ ನಾಚಿಕೊಂಡರಂತೆ. ಮದುವೆ ಸೀನಿನಲ್ಲಿ ಬೇರೆ ಒಬ್ಬಳನ್ನು ಕಟ್ಟಿಕೊಂಡಾಗ ಕೋಪಿಸಿಕೊಂಡರಂತೆ. ಆ ರಾಣಿ ಪಾತ್ರ ಮಾಡಿದ್ದು ನಮ್ಮ ಕ್ಷೌರದಂಗಡಿಯವನು ಎಂದು ಗೊತ್ತಾಗಿ ಸಮಾಧಾನವಾಯಿತಂತೆ! ಕೊನೆಗೆ ಎದೆಯಲ್ಲಿ ಬಾಣ ನೆಟ್ಟುಕೊಂಡು ಗಂಡ ತೂರಾಡುತ್ತಾ ಬಂದರು. ಬಂದು ಹಾಡಲು ಬಾಯಿ ತೆರೆದರೋ ಇಲ್ಲವೋ, ಅತ್ತೆ ಕಿಟ್ಟನೆ ಕಿರುಚಿ, ಪಕ್ಕದಲ್ಲಿದ್ದವರ ತಂಬಿಗೆ ಕಿತ್ತುಕೊಂಡು, ಜನರನ್ನು ತುಳಿದುಕೊಂಡು ರಂಗ ಹತ್ತಿ, ರಾಜನ ಮುಖಕ್ಕೆ ಅಷ್ಟೂ ನೀರು ಸುರಿದರು! ಮೀಸೆ ಕರಗಿ ಗದ್ದಕ್ಕೆ ಬಂತು. ರಾಣಿ ಓಡಿಹೋದಳು. ಆವತ್ತು ರಾಜ ಸಾಯಲೇ ಇಲ್ಲ. ಜನ ಮಾತ್ರ ಅಂಥ ಚಪ್ಪಾಳೆ ಯಾವ ನಾಟಕಕ್ಕೂ ಹೊಡೆದಿರಲಿಲ್ಲವಂತೆ.

ಅತ್ತೆ ಆಣೆ ಮಾಡಿದ್ದು ಆವತ್ತೇ. ಇನ್ನು ಯಾವ ಕಥೆಯ ಕೊನೆಯನ್ನೂ ನೋಡುವುದಿಲ್ಲ! ಮುಂದೆ ಮಾವ ಹೊಸಕೋಟೆ, ಜಡಿಗೇನಹಳ್ಳಿ, ನೆಲಮಂಗಲ ಎಂದು ಎಲ್ಲೆಲ್ಲಿ ರಾಜನಾದರೂ ಅತ್ತೆ ಜೊತೆಗೆ ಹೋಗುತ್ತಿದ್ದರು. ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು. ರಾಜನಿಗೆ ಪಟ್ಟವಾಗಿ ಮದುವೆಯಾದ ಕೂಡಲೇ ಎದ್ದು ನೆಂಟರ ಮನೆಗೋ ಬಸ್‌ಸ್ಟ್ಯಾಂಡಿಗೋ ಹೊರಟುಬಿಡುತ್ತಿದ್ದರು. ಇಡೀ ಜಿಲ್ಲೆ ಕೇಳಿ ಅತ್ತ ಆ ಹಾಡನ್ನು ಕೇಳದೆ ಉಳಿದವರು ಒಬ್ಬರೇ, ಹಾಡುವವರ ಹೆಂಡತಿ!

ಇಷ್ಟು ಪೀಠಿಕೆ ಸಾಕು. ಈಗ ಹೋದ ವರ್ಷದ ಕಥೆಗೆ ಬರೋಣ. ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಹುರುಪಾಗುತ್ತದೆ!

ನಮ್ಮೂರ ಹುಡುಗರು ಕೆಲವರು ಸೇರಿ, ಮಗ್ಗಗಳನ್ನು ಮಾರಿ ಖಾಲಿ ಬಿದ್ದಿದ್ದ ಒಂದು ಶೆಡ್ಡನ್ನು ಬಾಡಿಗೆಗೆ ಹಿಡಿದು ಪುಟ್ಟ ರಂಗಮಂದಿರ ಮಾಡಿದರು. ಮಾಡಿದರು ಎಂದರೆ ಏನು, ಗೋಡೆಗೆ ಕಪ್ಪು ಬಣ್ಣ ಬಳಿದು, ಮೊಣಕಾಲೆತ್ತರಕ್ಕೆ ಹಲಗೆ ಹಾಸಿ, ಪ್ಲಾಸ್ಟಿಕ್ ಕುರ್ಚಿ ಜೋಡಿಸಿ, ಹಿಂದಿನ ನೂಲು ಇಡುವ ಕೋಣೆಯನ್ನು ಬಣ್ಣದ ಮನೆ ಎಂದರು. ನೆಲದಲ್ಲಿ ಮಗ್ಗದ ಬೋಲ್ಟುಗಳು ಇನ್ನೂ ಹಾಗೇ ಇವೆ. ನೋಡಿಕೊಂಡು ನಡೆಯದಿದ್ದರೆ ನಾಟಕಕ್ಕೆ ಮೊದಲೇ ನಮಸ್ಕಾರ ಹಾಕಬೇಕಾಗುತ್ತದೆ. ಇವರ ನಿರ್ದೇಶಕ ಹುಡುಗ ಗಡ್ಡ ಬಿಟ್ಟವನು, ಕುತ್ತಿಗೆಗೆ ಬೇಸಿಗೆಯಲ್ಲೂ ಮಫ್ಲರು. ಅವನಿಗೆ ಹಳೇ ಸಂಗೀತ ನಾಟಕವೊಂದನ್ನು ಮತ್ತೆ ಆಡಬೇಕೆಂಬ ಆಸೆ ಹುಟ್ಟಿತು. ರಾಜನ ನಾಟಕದ ಸುದ್ದಿ ಕೇಳಿ ಮಾವನನ್ನು ಹುಡುಕಿಕೊಂಡು ಬಂದ.

ಮಾವ ಕಣ್ಣು ಮುಚ್ಚಿಕೊಂಡು ಆರಂಭದ ಪ್ರಾರ್ಥನೆಯಿಂದ ಹಿಡಿದು, ಅತ್ತೆ ಕೇಳಲಾರದ ಆ ಕೊನೆಯದೊಂದನ್ನು ಬಿಟ್ಟು, ಒಂದೊಂದೇ ಹಾಡು ಹಾಡಿದರು. ಹುಡುಗ ಮಧ್ಯಾಹ್ನ ಬಂದವನು ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಕೊನೆಗೆ, "ತಾತ, ರಾಜನ ವಯಸ್ಸಿನ ಕಾಲದ್ದು ನಮ್ಮ ಹುಡ್ಗ ಮಾಡ್ಲಿ. ಕೊನೇ ಅಂಕದ ಮುದಿ ರಾಜ ನೀವೇ ಆಗ್ಬೇಕು" ಎಂದ. ಮಾವನ ಮುಖ ನೋಡಬೇಕಿತ್ತು! ಅಡುಗೆಮನೆಯಲ್ಲಿದ್ದ ಅತ್ತೆಯ ಮುಖವನ್ನೂ ನೋಡಬೇಕಿತ್ತು, ಅದು ಬೇರೆಯೇ ಥರ ಇತ್ತು.

ಯಾಕೆಂದರೆ ಹಿಂದಿನ ವರ್ಷವೇ ಮಾವನಿಗೆ ಎದೆನೋವು ಬಂದು, ಬೆಂಗಳೂರಿಗೆ ಓಡಿಸಿಕೊಂಡು ಹೋಗಿ ಸ್ಟೆಂಟ್ ಹಾಕಿಸಿದ್ದೆವು. ಮಾವ ಹಟಕ್ಕೆ ಬಿದ್ದು ಡಾಕ್ಟರನ್ನೇ ಕೇಳಿದರು. ಡಾಕ್ಟರು ನಗುತ್ತಾ, "ಒಂದು ಹಾಡು ತಾನೇ? ಹಾಡಿ. ಕಿರುಚಬೇಡಿ, ದಣಿಯಬೇಡಿ" ಎಂದರು. ಅತ್ತೆ ಮನೆಗೆ ಬಂದು ಕಂಡಕಂಡವರಿಗೆಲ್ಲ ಹೇಳಿದ್ದೇ ಹೇಳಿದ್ದು. "ನೋಡ್ರಮ್ಮ, ಸಾಯೋ ಪಾತ್ರ ಮಾಡಕ್ಕೆ ಡಾಕ್ಟ್ರು ಪರ್ಮಿಷನ್ ಕೊಟ್ಟವ್ರೆ! ಓದ್ಕೊಂಡೋರ ಬುದ್ಧಿ ನೋಡಿ!"

ಡಾಕ್ಟರು ಕೈಕೊಟ್ಟ ಮೇಲೆ ಅತ್ತೆ ನೇರವಾಗಿ ನಿರ್ದೇಶಕನ ಬೆನ್ನು ಹತ್ತಿದರು. ಡಬ್ಬಿ ತುಂಬ ಕಜ್ಜಾಯ ತುಂಬಿಕೊಂಡು ನನ್ನನ್ನೂ ಎಳೆದುಕೊಂಡು ಶೆಡ್ಡಿಗೆ ಹೋದರು.

"ತಿನ್ನು ಮಗಾ" ಎಂದು ಡಬ್ಬಿ ಮುಂದಿಟ್ಟರು. ಹುಡುಗ ಎರಡು ತಿಂದ ಮೇಲೆ ಮಾತು ತೆಗೆದರು. "ಅಲ್ಲಾ ಕಣಪ್ಪ, ರಾಜನ್ನ ಸಾಯಿಸ್ಲೇಬೇಕಾ? ಬೇಕಾದ್ರೆ ಕಾಶಿಗೆ ಕಳ್ಸು."

"ಅಜ್ಜೀ, ರಾಜ ಸಾಯ್ದಿದ್ರೆ ರಾಣಿಗೆ ಪಟ್ಟ ಸಿಗಲ್ಲ."

"ಪಟ್ಟ ಬೇಕು ಅಂತ ಅವ್ಳು ಬಂದು ನಿನ್ನ ಕೇಳಿದ್ಲಾ?"

ಹುಡುಗ ಮೂರನೇ ಕಜ್ಜಾಯವನ್ನು ಕೈಯಲ್ಲೇ ಹಿಡಿದು ಕೂತ. "ಅಜ್ಜೀ, ಇದು ಟ್ರ್ಯಾಜಿಡಿ. ನೋವಿದ್ರೇನೇ ಅದಕ್ಕೆ ಬೆಲೆ."

"ನೋವು ಬೇಕಾದ್ರೆ ಮೊಣಕಾಲು ನೋವು ಇಟ್ಕೊಳ್ಲಿ ರಾಜ. ನಂಗಿಲ್ವಾ? ಬದುಕಿಲ್ವಾ ನಾನು?"

ಇದಕ್ಕೆ ಯಾವ ನಾಟಕಶಾಸ್ತ್ರದಲ್ಲಿ ಉತ್ತರವಿದೆ ಹೇಳಿ! ಹುಡುಗ ಮಾತ್ರ ಜಗ್ಗಲಿಲ್ಲ. ಡಬ್ಬಿ ಖಾಲಿಯಾಯಿತು, ರಾಜನ ಸಾವು ಮಾತ್ರ ಉಳಿಯಿತು.

ನಾಟಕದ ಹಿಂದಿನ ದಿನ ಮಾವ ನನ್ನನ್ನು ಜಗಲಿಗೆ ಕರೆದರು. ನಮ್ಮೂರಿನವರ ಗುಟ್ಟಿನ ಬಗ್ಗೆ ನಿಮಗೆ ಒಂದು ಮಾತು ಹೇಳಬೇಕು. ಮಗ್ಗದ ಸದ್ದಿನಲ್ಲಿ ಬೆಳೆದವರು ನಾವು. ಹಗಲೂ ಇರುಳೂ ಪಟಪಟ ಪಟಪಟ. ಅದರ ಮೇಲೆ ಕೇಳಿಸುವಂತೆ ಮಾತಾಡಿ ಮಾತಾಡಿ, ದೊಡ್ಡಬಳ್ಳಾಪುರದವರು ಕಿವಿಯಲ್ಲಿ ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳಿಸುತ್ತದೆ. ಮಾವ ಹಾಗೆ ಪಿಸುಗುಟ್ಟಿದರು. "ಮಗಾ, ನಂಗೆ ಇನ್ನೇನೂ ಬ್ಯಾಡ. ಹಾರ ತುರಾಯಿ ಬ್ಯಾಡ. ನಿಮ್ಮತ್ತೆ ಒಂದೇ ಒಂದ್ಸಲ ಆ ಹಾಡು ಪೂರ್ತಿ ಕೇಳ್ಬೇಕು. ಇದಾದ್ಮೇಲೆ ನಾನು ಇನ್ನೊಂದ್ಸಲ ಬಣ್ಣ ಹಚ್ಚಲ್ಲ, ಅದು ನಂಗೊತ್ತು. ನೀನು ಅವ್ಳ ಪಕ್ಕ ಕುಂತ್ಕೋ. ಏಳಕ್ ಬಿಡ್ಬೇಡ."

ನಾನು ಆಗಲಿ ಎಂದೆ. ತಾಲ್ಲೂಕು ಕಚೇರಿಯಲ್ಲಿ ಜನರನ್ನು ಕೂರಿಸಿ ಕಾಯಿಸುವುದೇ ನನ್ನ ಉದ್ಯೋಗ. ಒಬ್ಬ ಅತ್ತೆಯನ್ನು ಕೂರಿಸಲಾರೆನೇ ಎಂಬ ಜಂಬ ನನಗೆ.

ಸಂಜೆ ಆರೂವರೆಗೆ ನಾಟಕ. ಐದಕ್ಕೇ ಶೆಡ್ಡು ತುಂಬಿತ್ತು! ಮಲ್ಲಿಗೆ ಮುಡಿದ ಹೆಂಗಸರು, ಕೋಲೂರಿಕೊಂಡು ಬಂದ ಹಳೇ ಸೇನಾಪತಿಗಳು, ಮಂತ್ರಿಗಳು, ಬೆಂಗಳೂರಿನಿಂದ ರೈಲು ಹತ್ತಿ ಬಂದ ಕನ್ನಡಕದ ಹುಡುಗ ಹುಡುಗಿಯರು. ಪಕ್ಕದ ಶೆಡ್ಡಿನಲ್ಲಿ ಇನ್ನೂ ಮಗ್ಗ ಓಡುತ್ತಿದ್ದವು. ಯಜಮಾನನಿಗೆ ನಾಟಕ ಮುಗಿಯುವವರೆಗೆ ನಿಲ್ಲಿಸಪ್ಪಾ ಎಂದು ಕೇಳಿಕೊಂಡಿದ್ದರು. ಅವನು ದೊಡ್ಡ ಮನಸ್ಸು ಮಾಡಿ ನಿಲ್ಲಿಸಿದ. ಕೆಲಸ ನಿಂತ ಮೇಲೆ ಏನು ಮಾಡುವುದು ಎಂದು ಕೆಲಸದವರನ್ನೂ ಮನೆಯವರನ್ನೂ ಕರೆದುಕೊಂಡು ಬಂದು ಮೂರು ಸಾಲು ಕುರ್ಚಿ ಹಿಡಿದುಬಿಟ್ಟ! ಮಗ್ಗ ನಿಂತ ಕೂಡಲೇ ಎಂಥ ನಿಶ್ಶಬ್ದ ಅಂತೀರಿ. ನಮಗೆಲ್ಲ ಕಿವಿಗೆ ಏನೋ ಆಯಿತೆಂದೇ ಗಾಬರಿ.

ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರು. ತಬಲಾ ನುಡಿಯಿತು. ಪರದೆ ಸರಿದಾಗ ನನ್ನ ಎದೆ ಢವಢವ! ನಾನೇನು ಪಾತ್ರ ಮಾಡಿದ್ದೇನೆಯೇ? ಆದರೂ ಅದೇನು ಹಿಗ್ಗೋ. ರಾಜಕುಮಾರನ ವೇಷದ ಬ್ಯಾಂಕಿನ ಹುಡುಗ ಬಂದು ಮೊದಲ ಹಾಡಿನ ಪಲ್ಲವಿ ಎತ್ತಿದ. ಹಿಂದಿನಿಂದ ಹಳೇ ಮಂತ್ರಿಯೊಬ್ಬರು "ಆಹಾ!" ಎಂದರು. ಅಷ್ಟೇ, ಶೆಡ್ಡಿಗೆ ಶೆಡ್ಡೇ ಐವತ್ತು ವರ್ಷ ಹಿಂದಕ್ಕೆ ಹೋಯಿತು.

ರಾಣಿಯ ಪಾತ್ರದ ಹುಡುಗಿ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿರುವವಳು, ಪಾಳಿ ಮುಗಿಸಿ ನೇರ ಬಂದಿದ್ದಳು. ಹಾಡು ಸೊಗಸು, ಮಾತು ಮಾತ್ರ ವಿಮಾನದ ಪ್ರಕಟಣೆ. "ಮಹಾರಾಜರು, ಉದ್ಯಾನವನದ ಕಡೆಗೆ, ದಯಮಾಡಿಸಬೇಕು." ಅತ್ತೆ ಮೆಚ್ಚಿಕೊಂಡರು. "ಎಷ್ಟು ಮರ್ಯಾದೆಯಾಗಿ ಮಾತಾಡ್ತಾಳೆ ನೋಡು. ಆ ಕ್ಷೌರದಂಗಡಿಯೋನು ಹಿಂಗೆ ಮಾತಾಡ್ತಿರ್ಲಿಲ್ಲ!" ಇದನ್ನು ಅವರು ನನ್ನ ಕಿವಿಯಲ್ಲೇ ಹೇಳಿದ್ದು. ಆದ್ದರಿಂದ ಇಡೀ ಶೆಡ್ಡು ನಕ್ಕಿತು.

ಉದ್ಯಾನವನದ ಹಾಡು ಮುಗಿದದ್ದೇ ತಡ, ಎಲ್ಲಿಂದಲೋ ಒಂದು ಕೂಗು, "ಒನ್ಸ್ ಮೋರ್!" ಅದರ ಹಿಂದೆ ನೂರು ಕೂಗು! ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಹಳೇ ನಾಟಕಗಳಲ್ಲಿ ಜನಕ್ಕೆ ಹಾಡು ಹಿಡಿಸಿತೆಂದರೆ ಒನ್ಸ್ ಮೋರ್ ಎಂದು ಕೂಗುತ್ತಾರೆ, ಕೂಗಿದರೆ ಮತ್ತೆ ಹಾಡಲೇಬೇಕು. ಕಥೆ ಎಲ್ಲೇ ಇರಲಿ, ಯಾರ ಕತ್ತಿ ಯಾರ ಕುತ್ತಿಗೆಯ ಮೇಲೇ ಇರಲಿ, ಅದು ಅಲ್ಲೇ ಕಾಯಬೇಕು! ನಮ್ಮ ಮಫ್ಲರಿನ ನಿರ್ದೇಶಕ ಇದೆಲ್ಲ ಬೇಡ, ರಸಭಂಗ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದ. ಮೇಷ್ಟ್ರು ಚೀಟಿ ಓದಿದವರೇ ಅಲ್ಲ. ಜನ ಕೂಗಿದರು, ಇವರು ಬಾರಿಸಿದರು. ನಿರ್ದೇಶಕ ಪಕ್ಕದಿಂದ ಕೈಸನ್ನೆ ಮಾಡಿದ. "ಸುಮ್ನಿರಪ್ಪ, ಜನ ಕೇಳವ್ರೆ" ಎಂದರು ಮೇಷ್ಟ್ರು, ಮೈಕಿನಲ್ಲೇ!

ಹೀಗೆ ಕುಣಿಯುತ್ತಾ ಹಾರುತ್ತಾ ನಾಟಕ ಮದುವೆಗೆ ಬಂತು. ರಾಜ ಹಾರ ಹಾಕಿದ, ರಾಣಿ ಹಾರ ಹಾಕಿದಳು, ಎಲ್ಲರೂ ಅಕ್ಷತೆಯ ಬದಲು ಚಪ್ಪಾಳೆ ಹಾಕಿದರು. ಅತ್ತೆ ಸೆರಗು ಕೊಡವಿದರು.

"ಆಯ್ತು, ಎಲ್ರೂ ಚೆನ್ನಾಗವ್ರೆ. ನಡಿ."

"ಅತ್ತೇ, ಮಾವ ಇನ್ನೂ ಬಂದೇ ಇಲ್ಲ!"

"ಮನೆಗ್ ಬರ್ತಾರಲ್ಲ, ಅಲ್ಲೇ ನೋಡ್ತೀನಿ."

ನಾನು ಅವರ ಕೈಚೀಲವನ್ನು ಗಟ್ಟಿಯಾಗಿ ತಬ್ಬಿಕೊಂಡು ಕೂತೆ, ಮನೆಯ ಬೀಗದ ಕೈ ಅದರಲ್ಲೇ ಇದ್ದದ್ದು. ಅಷ್ಟರಲ್ಲಿ ದೀಪ ಹತ್ತಿ ವಿರಾಮ ಎಂದರು. ಕಾಫಿ ಬೋಂಡದ ನೂಕುನುಗ್ಗಲು. ನಾನು ಎರಡು ಲೋಟ ಕಾಫಿ ಹಿಡಿದುಕೊಂಡು ತಿರುಗಿದರೆ ಕುರ್ಚಿ ಖಾಲಿ! ಚೀಲವೂ ಬೇಡ, ಬೀಗದ ಕೈಯೂ ಬೇಡ ಎಂದು ಅತ್ತೆ ಪರಾರಿ! ನನ್ನ ತಾಲ್ಲೂಕು ಕಚೇರಿಯ ಜಂಬವೆಲ್ಲ ಅಲ್ಲೇ ಇಳಿಯಿತು. ಕಾಫಿ ಯಾರಿಗೋ ಕೊಟ್ಟು ಹೊರಕ್ಕೆ ಓಡಿದೆ. ಶೆಡ್ಡಿನ ಹಿಂದಿನ ಓಣಿಯಲ್ಲಿ ಒಂದು ಆಟೋ. ಆಟೋದ ಒಳಗೆ ಅತ್ತೆ, ಮಹಾರಾಣಿಯ ಹಾಗೆ. ಡ್ರೈವರು ಮಾತ್ರ ಇಲ್ಲ, ಬೋಂಡ ತರಲು ಹೋಗಿದ್ದನಂತೆ. ಬೋಂಡ ಕರಿದವನಿಗೆ ದೇವರು ಒಳ್ಳೆಯದು ಮಾಡಲಿ!

"ಅತ್ತೇ, ಏನಿದು? ಮಾವ ನಿಮಗೋಸ್ಕರ..."

"ಲೇ, ಸುಮ್ನಿರು. ನಂಗೆ ಆಗಲ್ಲ ಕಣೇ. ಹೋದ್ವರ್ಷ ಆಸ್ಪತ್ರೇಲಿ ಗಾಜಿನ ಬಾಗ್ಲು ಆಚೆ ನಿಂತು ನೋಡಿದ್ದೀನಿ. ಸಾಕು. ದುಡ್ಡು ಕೊಟ್ಟು ಇನ್ನೊಂದ್ಸಲ ಯಾಕೆ ನೋಡ್ಲಿ?"

ಇಷ್ಟು ದಿನ ನಗಾಡಿದ್ದೆನಲ್ಲ, ಇದೊಂದು ನನಗೆ ಹೊಳೆದಿರಲೇ ಇಲ್ಲ. ಇನ್ನು ಏನು ಹೇಳುವುದು, ಮನೆಗೇ ಹೋಗೋಣ ಎಂದು ನಾನೂ ಆಟೋ ಹತ್ತುವವಳಿದ್ದೆ. ಅಷ್ಟರಲ್ಲಿ ನಮ್ಮ ತಲೆಯ ಮೇಲಿದ್ದ ಕಿಟಕಿಯಿಂದ ಮಾತು ಕೇಳಿಸಿತು. ಅದು ಬಣ್ಣದ ಮನೆಯ ಕಿಟಕಿ. ಪಿಸುಗುಟ್ಟುತ್ತಿದ್ದವರು ಮಾವ. ಓಣಿಗೆಲ್ಲ ಕೇಳಿಸುವ ನಮ್ಮೂರ ಪಿಸುಮಾತು!

"ಮಗಾ, ಪರದೆ ಸಂದೀಲಿ ಒಸಿ ನೋಡು. ಮುಂದಿನ್ ಸಾಲಲ್ಲಿ ನಮ್ಮೋಳು ಕುಂತವ್ಳಾ?"

ರಾಣಿಯ ದನಿ. "ಇದಾರೆ ತಾತ. ಕೂತಿದಾರೆ. ಕಾಫಿ ಕುಡೀತಿದಾರೆ."

ಮಾವ ನಕ್ಕರು. "ಸುಳ್ಳು ಹೇಳ್ಬೇಡಮ್ಮ. ಅವ್ಳು ಇಷ್ಟೊತ್ಗೆ ಆಟೋ ಹತ್ತಿರ್ತಾಳೆ. ಹೋಗ್ಲಿ ಬುಡು, ಪಾಪ. ಕಿರೀಟ ಕೊಡು."

ಅತ್ತೆಯ ಮುಖ ಕೆಂಪಗಾಯಿತು. ಧಡಾರನೆ ಆಟೋದಿಂದ ಇಳಿದರು. "ನೋಡ್ದಾ ಕೊಬ್ಬು! ನಾನು ಆಟೋ ಹತ್ತಿರ್ತೀನಂತೆ! ಇವ್ರು ಕಂಡವ್ರೆ! ನಡಿಯೇ ಒಳಕ್ಕೆ!"

ಬೋಂಡದೊಂದಿಗೆ ಬಂದ ಡ್ರೈವರು "ಅಜ್ಜೀ, ಬಾಡ್ಗೆ?" ಎಂದ. "ಬಾರಪ್ಪ ನೀನೂ ಒಳಕ್ಕೆ. ನಮ್ಮನೆಯೋರು ಇವತ್ತು ಸಾಯ್ತಾರೆ, ನೋಡ್ಕೊಂಡು ಹೋಗು" ಎಂದರು ಅತ್ತೆ! ಆ ಹುಡುಗ ಬಿಟ್ಟ ಬಾಯಿ ಮುಚ್ಚದೆ ನಮ್ಮ ಹಿಂದೆಯೇ ಬಂದ.

ಕೊನೆಯ ಅಂಕ. ಮೇಷ್ಟ್ರು ಸಣ್ಣಗೆ ಸ್ವರ ಹಿಡಿದರು. ಮಾವ ಬಂದರು. ನಾನು ದಿನಾ ಕಾಣುವ ಮಾವನೇ ಅಲ್ಲ! ಬೆನ್ನು ನೆಟ್ಟಗೆ, ಹೆಜ್ಜೆ ಭಾರ, ಬಿಳೀ ಮೀಸೆ, ಎದೆಯಲ್ಲಿ ಬಾಣ. ಅವರ ಕಣ್ಣು ಮೊದಲು ಮುಂದಿನ ಸಾಲಿಗೆ ಬಂತು. ಅಲ್ಲಿ ಅತ್ತೆ ಗಂಟು ಮುಖ ಹಾಕಿಕೊಂಡು ಕೂತಿದ್ದರು. ಮಾವ ಒಂದು ಕ್ಷಣ ಮಾತು ಮರೆತರು. ಮೇಷ್ಟ್ರು ಸ್ವರವನ್ನು ಸುತ್ತಿಸಿ ಸುತ್ತಿಸಿ ಕಾದರು. ಆಮೇಲೆ ಹಾಡು ಬಂತು.

ನಾನು ಏನೋ ಗೋಳಿನ ಹಾಡು ಎಂದುಕೊಂಡಿದ್ದೆ. ಅತ್ತೆಯೂ ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದರು. ಅಲ್ಲವೇ ಅಲ್ಲ! ಅದು ಹೆಂಡತಿಗೆ ಹೇಳುವ ಹಾಡು.

'ಊರೂರು ಮೆರೆದೆ ನಾ ಪಟ್ಟದಾನೆಯ ಮೇಲೆ
ನಿನ್ನ ಜೊತೆ ಜಗಲಿಯಲಿ ಕೂತದ್ದು ಸಾಲದು, ನಲ್ಲೆ...'

ರಾಣಿ ಅಲ್ಲಿ ಬಲಗಡೆ ಅಳುತ್ತಾ ನಿಂತಿದ್ದಾಳೆ. ರಾಜ ಅವಳ ಕಡೆ ತಿರುಗಲೇ ಇಲ್ಲ. ಇಡೀ ಹಾಡನ್ನು ಮುಂದಿನ ಸಾಲಿಗೇ ಹಾಡಿದರು. ಕಿರುಚಲಿಲ್ಲ, ಡಾಕ್ಟರು ಹೇಳಿದಂತೆ ಮೆಲ್ಲಗೇ ಹಾಡಿದರು. ಮಗ್ಗ ನಿಂತ ಆ ಮೌನದಲ್ಲಿ ಮೆಲ್ಲಗೆ ಹಾಡಿದ್ದೇ ಸಾಕಾಗಿತ್ತು. ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು, ಬಳೆ ಒತ್ತಿ ಗಾಯವಾಗುವಷ್ಟು ಬಿಗಿಯಾಗಿ. ಹಾಡು ಮುಗಿಯಿತು. ರಾಜ ಮೆಲ್ಲಗೆ ಕುಸಿದು, ಮಲಗಿ, ಕಣ್ಣು ಮುಚ್ಚಿದ.

ಅತ್ತೆ ಎದ್ದು ನಿಂತರು. ನಾನು ಮೊದಲು ಮಾಡಿದ ಕೆಲಸ ನೀರಿನ ಬಾಟಲಿ ಬಚ್ಚಿಟ್ಟದ್ದು! ಆದರೆ ಅವರು ರಂಗದ ಕಡೆ ಓಡಲಿಲ್ಲ. ನಿಂತಲ್ಲೇ, ಒಡೆದ ದನಿಯಲ್ಲಿ ಕೂಗಿದರು.

"ಒನ್ಸ್ ಮೋರ್!"

ಸತ್ತ ರಾಜನ ಒಂದು ಕಣ್ಣು ತೆರೆಯಿತು. ಮೇಷ್ಟ್ರು ಹಾರ್ಮೋನಿಯಂ ತಿದಿ ಒತ್ತಿದರು. ಏನು ಮಾಡುವುದು, ಜನ ಕೇಳಿದ್ದಾರೆ! ರಾಜ ಎದ್ದು ಕೂತ. ಬಾಣ ಸರಿಮಾಡಿಕೊಂಡ. ಮತ್ತೆ ಪೂರ್ತಿ ಹಾಡಿ ಮತ್ತೆ ಸತ್ತ.

"ಒನ್ಸ್ ಮೋರ್!"

ಈ ಸಲ ಶೆಡ್ಡಿಗೆ ಶೆಡ್ಡೇ ಕೂಗಿತು! ಹಳೇ ಮಂತ್ರಿಗಳು ಕೋಲು ಕುಟ್ಟಿದರು, ಕನ್ನಡಕದ ಹುಡುಗಿಯರು ಕುರ್ಚಿಯ ಮೇಲೆ ಹತ್ತಿದರು, ಆಟೋದವನು ಸಿಳ್ಳೆ ಹೊಡೆದ. ನಿರ್ದೇಶಕ ಪಕ್ಕದಲ್ಲಿ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ. ರಾಜ ಮತ್ತೆ ಎದ್ದ! ನಾನೂ ಗಂಟಲು ಹರಿಯುವಂತೆ ಕೂಗಿದೆ, ಸುಳ್ಳೇಕೆ ಹೇಳಲಿ. ಅತ್ತೆ ಅವರನ್ನು ಸಾಯಲು ಬಿಡುತ್ತಿಲ್ಲ ಎಂದು ಆಗಲೇ ನನಗೆ ಗೊತ್ತಾದದ್ದು. ಕೂಗುತ್ತಾ ಕೂಗುತ್ತಾ ನನಗೆ ಅಳು ಬಂತು.

ಆದರೆ ಈ ಸಲ ಹಾಡಿನ ನಡುವೆ ಮಾವ ನಿಂತು ಉಸಿರು ತೆಗೆದುಕೊಂಡರು. ಹಣೆಯ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಹೇಗೋ ಮುಗಿಸಿ ಮಲಗಿದರು. ಎದೆಯ ಮೇಲಿನ ಬಾಣ ಏರುತ್ತಿತ್ತು, ಇಳಿಯುತ್ತಿತ್ತು. ಜನ ಮತ್ತೆ ಒನ್ಸ್ ಮೋರ್ ಎಂದು ಶುರು ಮಾಡಿದರು. ಅತ್ತೆ ತಟ್ಟನೆ ಹಿಂದಕ್ಕೆ ತಿರುಗಿ ಎರಡೂ ಕೈ ಎತ್ತಿದರು.

"ಸಾಕು ಸುಮ್ಕಿರ್ರಪ್ಪಾ! ಅವ್ರಿಗೆ ಸುಸ್ತಾಯ್ತದೆ!"

ಮಗ್ಗದ ಸ್ವಿಚ್ಚು ಆರಿಸಿದ ಹಾಗೆ ಎಲ್ಲ ನಿಂತಿತು. ಅತ್ತೆ ನೆರಿಗೆ ಎತ್ತಿಕೊಂಡು, ಮೊಣಕಾಲು ಹಿಡಿದುಕೊಂಡು ರಂಗ ಹತ್ತಿದರು. ರಾಣಿ ಅವರಿಗೆ ಕೈ ಕೊಟ್ಟಳು. ಸತ್ತ ರಾಜನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.

ಮಾವ ಕಣ್ಣು ತೆರೆಯದೆಯೇ ಕೇಳಿದರು. "ಪೂರ್ತಿ ಕೇಳಿದ್ಯಾ?"

"ಕೇಳ್ದೆ. ಇಷ್ಟು ವರ್ಸ ಊರೋರ್ಗೆಲ್ಲ ಹೇಳ್ಕೊಂಡು ಬಂದ್ರಲ್ಲ, ಮನೇಲಿ ನಂಗೊಂದ್ಸಲ ಹೇಳ್ಬೋದಿತ್ತಲ್ಲ."

"ಮನೇಲಿ ಹಾರ್ಮೋನಿಯಂ ಎಲ್ಲೈತೆ?"

ಇದೂ ಅವರಿಬ್ಬರ ಗುಟ್ಟಿನ ಮಾತೇ. ಕೊನೆಯ ಸಾಲಿನವರೆಗೂ ಕೇಳಿಸಿತು. ಆದರೆ ಈ ಸಲ ಯಾರೂ ನಗಲಿಲ್ಲ. ಅತ್ತೆ ಬಾಣವನ್ನು ಕಿತ್ತು ಪಕ್ಕಕ್ಕಿಟ್ಟು, ಮೆಲ್ಲಗೆ ಏರಿಳಿಯುತ್ತಿದ್ದ ಮಾವನ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತರು. ಮೇಷ್ಟ್ರು ತಾವಾಗಿಯೇ ಮಂಗಳ ನುಡಿಸಿದರು. ಜನ ಸದ್ದಾಗದಂತೆ ಒಬ್ಬೊಬ್ಬರೇ ಎದ್ದು, ಬೋಲ್ಟುಗಳನ್ನು ದಾಟಿಕೊಂಡು ಹೊರಗೆ ಹೋದರು. ಯಾರೋ ಹೋಗಿ ಪಕ್ಕದ ಶೆಡ್ಡಿನ ಮಗ್ಗ ಹಾಕಿದರು.

ನಾನು ಕೈಚೀಲ ಹಿಡಿದುಕೊಂಡು ರಂಗದ ಹತ್ತಿರ ಹೋದೆ. "ಅತ್ತೇ, ನಾಟಕ ಮುಗೀತು. ಆಟೋದೋನು ಕಾಯ್ತಾವ್ನೆ, ಏಳಿ ಹೋಗಣ."

ಅತ್ತೆ ನನ್ನ ಕಡೆ ನೋಡಲೂ ಇಲ್ಲ.

"ನೀನು ಹೋಗು ಮಗಾ. ನಾವು ಇಲ್ಲೇ ಒಸಿ ಹೊತ್ತು ಕುಂತಿರ್ತೀವಿ."